ಗೂಡಿನಕ್ಕ ಮತ್ತು ಗೋಡೆಯಾಚೆಯ ಎಣಿಕೆ

ಬೆಳಗಿನ ಐದು ಗಂಟೆ. ಜೈಲಿನ ಹೆಬ್ಬಾಗಿಲಿನ ಎದುರು ಇರುವ ತಗಡಿನ ಅಂಗಡಿಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಒಳಗೆ ಗೋಡೆಯುದ್ದಕ್ಕೂ ನಲವತ್ತೆಂಟು ಮರದ ಗೂಡುಗಳು. ಐವತ್ತು ದಾಟಿದ ಹೆಂಗಸೊಬ್ಬರು ಒದ್ದೆ ಬಟ್ಟೆಯಲ್ಲಿ ಅವನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ಕೈದಿಗಳನ್ನು ನೋಡಲು ಬರುವವರು ಮೊಬೈಲು, ಬೆಲ್ಟು, ಬೀಗದ ಕೈಗಳನ್ನು ಇಲ್ಲಿಟ್ಟು, ಗೂಡಿನ ಸಂಖ್ಯೆಯಿರುವ ಹಿತ್ತಾಳೆ ಬಿಲ್ಲೆ ಪಡೆದು ಒಳಗೆ ಹೋಗುತ್ತಾರೆ. ಹಾಗಾಗಿ ಎಲ್ಲರ ಬಾಯಲ್ಲೂ ಈಕೆ ಗೂಡಿನಕ್ಕ.

ಮೊದಲ ಬಸ್ಸಿಗೇ ಬಂದಿಳಿದ ಮುದುಕಿಯೊಬ್ಬರು ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಒಂಬತ್ತು ವರ್ಷದ ಮೇಲೆ, ಬರುವ ಶುಕ್ರವಾರ ಅವರ ಮಗನ ಬಿಡುಗಡೆ.

"ನೆಂಟರಿಗೆಲ್ಲ ಹೇಳಿ ಕಳಿಸಿದೀನಿ ಮಗಳೇ, ಮನೆ ತುಂಬಿರಲಿ ಅಂತ."

"ಬರಬೇಡಿ ಅಂತ ಇವತ್ತೇ ಹೇಳಿಬಿಡಿ ಅಮ್ಮ. ಹಿಂದಿನಿಂದ ಹೋಗಿ ಮೈ ಮುಟ್ಟಬೇಡಿ. ಮಲಗಿದ ಮೇಲೆ ದೀಪ ಆರಿಸಬೇಡಿ, ಒಳಗೆ ಯಾವತ್ತೂ ಆರಿಸಲ್ಲ. ಆಮೇಲೆ, ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತುಬಿಡ್ತಾನೆ. ಹೆದರಬೇಡಿ. ಬಾಗಿಲು ತೆಗೆಯೋದು ಬೇರೆಯವರ ಕೆಲಸ ಅಂತ ಅವನಿಗೆ ಅಭ್ಯಾಸ ಆಗಿರತ್ತೆ."

"ಚಿಲಕ ಹಾಕಿರದಿದ್ರೂ?"

"ಹಾಕಿರದಿದ್ರೂ."

ಗೇಟಿನ ಪೇದೆ ಅತ್ತಲಿಂದಲೇ ಕೂಗುತ್ತಾನೆ, "ಅಕ್ಕಾ, ನಮ್ಮ ಸಾಹೇಬ್ರಿಗಿಂತ ನಿಂದೇ ರೂಲ್ಸು ಜಾಸ್ತಿ ಆಯ್ತು!"

"ನಿಮ್ಮ ರೂಲ್ಸು ಗೋಡೆವರೆಗೆ ಕಣಪ್ಪ. ಆಮೇಲಿಂದು ಯಾರು ಹೇಳ್ತಾರೆ?"

ದಿನಕ್ಕೆ ಅರವತ್ತು ಎಪ್ಪತ್ತು ಜನ ಬರುತ್ತಾರೆ. ಭೇಟಿ ಹನ್ನೆರಡು ನಿಮಿಷ, ನಡುವೆ ಗಾಜು. ಮೊದಲ ಸಲ ಬಂದವರಿಗೆ ಗೂಡಿನಕ್ಕ ತಪ್ಪದೆ ಹೇಳುವ ಮಾತೊಂದಿದೆ: "ಅಳೋದಿದ್ರೆ ಮೊದಲೇ ಅತ್ತುಬಿಡಿ. ಕೊನೇ ಎರಡು ನಿಮಿಷ ಮಾತ್ರ ಬೇಡ. ಮುಂದಿನ ವಾರದವರೆಗೂ ಅವರ ಕಣ್ಣಲ್ಲಿ ಉಳಿಯೋದು ಆ ಮುಖಾನೇ."

ಇದನ್ನೆಲ್ಲ ಅವರಿಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಗಂಡ ಹನ್ನೊಂದು ವರ್ಷ ಇದೇ ಗೋಡೆಯೊಳಗಿದ್ದರು. "ತಪ್ಪು ಮಾಡಿದ್ರು, ಶಿಕ್ಷೆ ಆಯ್ತು" ಎಂದಷ್ಟೇ ಹೇಳುತ್ತಾರೆ. ಎಂಟು ತಿಂಗಳ ಹಿಂದೆ ಬಿಡುಗಡೆಯಾದಾಗ ಗೂಡಿನಕ್ಕ ಅವರನ್ನು ದೂರದ ಊರಿನ ತಮ್ಮನ ಮನೆಗೆ ಕರೆದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ಗಂಡ ಹೊದಿಕೆ ಮಡಚಿಟ್ಟು, ಹಾಸಿಗೆಯ ಬುಡದಲ್ಲಿ ನೆಟ್ಟಗೆ ನಿಂತರು. ಮಧ್ಯಾಹ್ನವಾದರೂ ಕದಲಲಿಲ್ಲ. ಯಾಕ್ರೀ ಎಂದರೆ, "ಇನ್ನೂ ಸೀಟಿ ಆಗಿಲ್ಲ" ಎಂದರು.

ಒಳಗೆ ಪ್ರತಿಯೊಬ್ಬರ ಮಲಗುವ ಜಾಗಕ್ಕೂ ಒಂದು ಸಂಖ್ಯೆ. ಬೆಳಿಗ್ಗೆ ಐದೂವರೆಗೆ ಸಾಲಾಗಿ ನಿಂತು ಅದನ್ನು ಕೂಗಬೇಕು. ಎಲ್ಲ ಸರಿಹೋದರೆ ಸೀಟಿ. ಅದು ಕೇಳದೆ ಗಂಡನಿಗೆ ಬೆಳಗಾಗುವುದಿಲ್ಲವೆಂದು ತಿಳಿದ ಮೇಲೆ ಗೂಡಿನಕ್ಕ ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಕೋಣೆ ಹಿಡಿದರು. ಅಲ್ಲಿಗೆ ಎಣಿಕೆ ಸ್ಪಷ್ಟವಾಗಿ ಕೇಳುತ್ತದೆ. ಗಂಡನ ಸಂಖ್ಯೆ ಮೂವತ್ತೇಳು. ಈಗ ಆ ಜಾಗದಲ್ಲಿ ಮಲಗುವವನು ಬೇರೆ ಯಾರೋ.

"ಒಂದು ಮೂವತ್ತೇಳು ಗೋಡೆಯಾಚೆಯಿಂದ, ಒಂದು ನಮ್ಮ ಮನೆಯೊಳಗಿಂದ. ಎರಡೂ ಒಂದೇ ಉಸಿರಿಗೆ. ರಜೆ ದಿನ ಮನೇಲಿದ್ರೆ ಕೇಳಿ ಮೈ ಜುಂ ಅನ್ನತ್ತೆ."

ಸೀಟಿಯಾದ ಮೇಲೆ ಗಂಡ ಕೋಣೆಯ ಬಾಗಿಲ ಮುಂದೆ ನಿಲ್ಲುತ್ತಾರೆ. ಎಂಟು ಗಂಟೆಗೆ ಗೂಡಿನಕ್ಕ ಹೋಗಿ ಹೊರಗಿನಿಂದ ತಳ್ಳಬೇಕು. ಈ ಎಂಟು ತಿಂಗಳಲ್ಲಿ ಒಂದು ದಿನವೂ ಅವರು ತಾವಾಗಿ ತೆಗೆದಿಲ್ಲ. "ಅವರೇ ತೆಗೆದು, ನಡ್ಕೊಂಡು ಅಂಗಡಿಗೆ ಬರಬೇಕು. ಇನ್ನೇನೂ ಬೇಡ ನಂಗೆ."

ಐದೂವರೆ. ಗೋಡೆಯಾಚೆಯಿಂದ ಮುಖವಿಲ್ಲದ ದನಿಗಳು ಒಂದರ ಹಿಂದೊಂದು ತೇಲಿ ಬರುತ್ತವೆ. ಮೂವತ್ತೈದು. ಮೂವತ್ತಾರು. ಆಮೇಲೆ ನಿಶ್ಶಬ್ದ. ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಮೂವತ್ತಾರಕ್ಕೆ ಮತ್ತೆ ನಿಲ್ಲುತ್ತದೆ. ಗೂಡಿನಕ್ಕನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ.

ಗಲ್ಲಿಯ ಕಡೆಯಿಂದ ಚಪ್ಪಲಿಯಿಲ್ಲದ ಹೆಜ್ಜೆ ಸದ್ದು. ಮಡಚಿದ ಹೊದಿಕೆಯನ್ನು ಎದೆಗವಚಿಕೊಂಡು ಗಂಡ ಬರುತ್ತಿದ್ದಾರೆ. ಅಂಗಡಿಯತ್ತ ನೋಡದೆ ನೇರ ಹೆಬ್ಬಾಗಿಲಿಗೆ ಹೋಗಿ ಪೇದೆಯ ಮುಂದೆ ನೆಟ್ಟಗೆ ನಿಲ್ಲುತ್ತಾರೆ.

"ಮೂವತ್ತೇಳು ಇಲ್ಲಿದೆ, ಸಾರ್. ಒಳಗೆ ಬಿಡಿ."

ಪೇದೆ ಗೇಟಿಗೆ ಅಡ್ಡ ಬರುತ್ತಾನೆ. "ಅಣ್ಣಾ, ನೀನಲ್ಲ... ಆ ಜಾಗದವನನ್ನ ರಾತ್ರಿ ಆಸ್ಪತ್ರೆಗೆ ಸಾಗಿಸಿದಾರೆ. ರಿಜಿಸ್ಟರಲ್ಲಿ ಬರೆಯೋದು ಮರೆತಿರಬೇಕು."

ಗೂಡಿನಕ್ಕ ರಸ್ತೆ ದಾಟುತ್ತಾರೆ. ಹಿಂದಿನಿಂದಲ್ಲ, ಮುಂದಿನಿಂದಲೇ ಬಂದು ಗಂಡನ ಕಣ್ಣೆದುರು ನಿಲ್ಲುತ್ತಾರೆ. ಮೂವತ್ತೇಳನೆಯ ಗೂಡಿನ ಹಿತ್ತಾಳೆ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚುತ್ತಾರೆ.

"ನಿಮ್ಮದು ಇಲ್ಲಿ ಎಣಿಸಿದೀನಿ ಕಣ್ರೀ. ಬನ್ನಿ, ಕೂತ್ಕೊಳ್ಳಿ."

ಗಂಡ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಸೀಟಿ ಇನ್ನೂ ಆಗಿಲ್ಲ. ಮುದುಕಿ ಸರಿದು ಜಾಗ ಬಿಡುತ್ತಾರೆ.

ಗೂಡಿನಕ್ಕ ಬಟ್ಟೆ ಹಿಂಡಿ ಮತ್ತೆ ಒರೆಸತೊಡಗುತ್ತಾರೆ. "ಎಲ್ಲಿಗೆ ಹೊರಟಿದ್ರು ಅನ್ನೋದು ಇರ್ಲಿ ಬಿಡಿ ಅಮ್ಮ," ಎನ್ನುತ್ತಾರೆ, ತಿರುಗಿ ನೋಡದೆ. "ಬಾಗಿಲು ಅವರೇ ತೆಗೆದರು."