ಪೂಜೆಗೆ ಕೂತ ಸರ್ವರ್

ಕಂಪ್ಯೂಟರಿಗೆ ಕುಂಕುಮ ಬಳಿದಿದ್ದು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಪೂಜೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲೂ ಕುಡುಗೋಲು, ಮಚ್ಚು, ಸ್ಕೂಟರು ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಹೂ ಮುಡಿಸುತ್ತೇವೆ. ಆದರೆ ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ಒಂದು ವರ್ಷ ನಡೆದದ್ದನ್ನು ನಾನು ಪೂಜೆ ಅನ್ನಲಾರೆ. ಹೇಸಿಗೆ ಅನ್ನುವ ಮಾತೊಂದೇ ಬಾಯಿಗೆ ಬರುತ್ತದೆ.

ಆ ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಸುತ್ತಲಿನ ತಾಲ್ಲೂಕುಗಳ ಪದಗಳನ್ನು, ಅಂದರೆ ಹೆಂಗಸರು ಕೆಲಸ ಮಾಡುತ್ತಾ ಹಾಡುವ ಹಾಡುಗಳನ್ನು, ಒಂದೆಡೆ ಸೇರಿಸಿ ಡಿಜಿಟಲ್ ಗ್ರಂಥಾಲಯ ಮಾಡಬೇಕು ಅನ್ನುವುದು ನನ್ನ ಹುಚ್ಚು. ಅದಕ್ಕೆಂದೇ ಇರುವ, ಪುಕ್ಕಟೆ ಸಿಗುವ ಒಂದು ತಂತ್ರಾಂಶವನ್ನು ಇಳಿಸಿಕೊಂಡಿದ್ದೆ. ಹಾಡಿನ ಫೈಲನ್ನು ಅದರೊಳಗೆ ಹಾಕಿ, ಹಾಡಿದವರು ಯಾರು, ಯಾವ ಊರು, ಏನು ಮಾಡುತ್ತಾ ಹಾಡಿದ್ದು ಎಂದೆಲ್ಲ ತುಂಬಿ, ಕೊನೆಗೆ ಒಂದು ಗುಂಡಿ ಒತ್ತಿದರೆ ಸಂಗ್ರಹ ತಾನೇ ಕಟ್ಟಿಕೊಂಡು ಎಲ್ಲರಿಗೂ ಸಿಗುವ ಹಾಗೆ ತೆರೆದುಕೊಳ್ಳುತ್ತದೆ. ಅದನ್ನು ಹಾಕಿದ್ದ ದೊಡ್ಡ ಕಂಪ್ಯೂಟರನ್ನು ನಾವು ಸರ್ವರ್ ಅನ್ನುತ್ತಿದ್ದೆವು. ಗ್ರಂಥಾಲಯದ ಹಿಂದಿನ ಸಣ್ಣ ಕೋಣೆಯಲ್ಲಿ ಅದರ ವಾಸ.

ಮೊದಲು ಸಿಕ್ಕಿದ್ದು ಯಳಂದೂರು ತಾಲ್ಲೂಕಿನ ಹೊನ್ನೂರಿನ ಒಂದು ಮನೆಯ ಕ್ಯಾಸೆಟ್ಟುಗಳು. ಆ ಮನೆಯ ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಬದುಕಿದ್ದಾಗ ಮಗ ಟೇಪ್ ರೆಕಾರ್ಡರನ್ನು ಮುಂದಿಟ್ಟು ರಾಗಿ ಬೀಸುವ ಪದ ಹೇಳಿಸಿದ್ದ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಸರ್ವರಿಗೆ ಇಳಿಸಿಕೊಳ್ಳುವಷ್ಟರಲ್ಲಿ ಟೇಪು ಅಲ್ಲಲ್ಲಿ ತುಂಡಾಗಿ ಕೈಗೇ ಬಂತು. ಹಾಡು ಉಳಿದದ್ದು ಆ ಯಂತ್ರದೊಳಗೆ, ಮತ್ತು ಅದೇ ಕೋಣೆಯ ಬೀರುವಿನಲ್ಲಿಟ್ಟ ಒಂದು ಡಿಸ್ಕಿನೊಳಗೆ.

ಆ ಹಾಡಿನಲ್ಲಿ ಒಂದು ವಿಚಿತ್ರವಿತ್ತು. ಪ್ರತಿ ಸಾಲು ಮುಗಿದ ಮೇಲೆ ಅಜ್ಜಿ ಸುಮ್ಮನಾಗುತ್ತಿದ್ದರು. ಬೀಸುಕಲ್ಲಿನ ಗರಗರ ಮಾತ್ರ ನಡೆಯುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಮುಂದಿನ ಸಾಲು. ವಯಸ್ಸಾದ ಜೀವ, ಉಸಿರೆಳೆದುಕೊಳ್ಳುತ್ತಿರಬೇಕು ಅಂದುಕೊಂಡು ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ ಹಾಡನ್ನು ಓರಣ ಮಾಡಲು ಹೊರಟಿದ್ದೆ. ವಿವರ ತುಂಬುವುದಕ್ಕೆ ಯಾರನ್ನಾದರೂ ಕೇಳೋಣವೆಂದು ಹೊನ್ನೂರಿನ ಮಗನಿಗೆ ಫೋನ್ ಮಾಡಿದರೆ, ಅಜ್ಜಿಯ ತಂಗಿ ಇನ್ನೂ ಇದ್ದಾರೆ, ಹನೂರು ತಾಲ್ಲೂಕಿನ ಮಾರ್ಟಳ್ಳಿಗೆ ಕೊಟ್ಟದ್ದು, ಅವರ ಮಗಳು ಅಲ್ಲೇ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುತ್ತಾರೆ ಎಂದು ನಂಬರು ಕೊಟ್ಟ.

ಆ ಮಗಳಿಗೆ ಖಾಲಿ ಜಾಗದ ವಿಷಯ ಹೇಳಿದೆ. ಆಕೆ ಫೋನಿನಲ್ಲೇ ಕಿರುಚಿದರು.

“ಅಯ್ಯಯ್ಯೋ, ಕತ್ತರಿಸ್ಬ್ಯಾಡಿ ಸಾ! ಅದು ನಮ್ಮವ್ವನ್ ಜಾಗ. ದೊಡ್ಡವ್ವ ಒಂದ್ ಸಾಲು ಏಳದು, ನಮ್ಮವ್ವ ಇನ್ನೊಂದ್ ಸಾಲು ಎತ್ಕಳದು. ಚಿಕ್ಕೋರಿದ್ದಾಗಿಂದ್ಲೂ ಇಬ್ರೂ ಒಂದೇ ಕಲ್ಲಿಗೆ ಕುಂತು ಬೀಸ್ದೋರು. ತಂಗಿ ಇಲ್ದೆ ಇದ್ರೂವೆ ಜಾಗ ಬುಟ್ಕಂಡು ಏಳವ್ಳೆ ನೋಡಿ!”

ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು. ಅವ್ವನಿಗೆ ಒಂದು ಕಿವಿ ಪೂರಾ ಹೋಗಿದೆ. ಇನ್ನೊಂದು ಹೋಗುತ್ತಾ ಇದೆ. ಮಿಷಿನ್ನು ಹಾಕಿದರೂ ಪ್ರಯೋಜನವಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಅಕ್ಕ ಸತ್ತ ಮೇಲೆ ಅವ್ವ ಆ ದನಿ ಕೇಳಿಲ್ಲ. “ಬ್ಯಾಗ ಮಾಡಿ ಸಾ,” ಅಂದರು.

ಅವ್ವನನ್ನು ಕೊಳ್ಳೇಗಾಲಕ್ಕೆ ಕರೆತರುವ ಹಾಗಿರಲಿಲ್ಲ. ಮಂಡಿ ನೋವು, ಬಸ್ಸು ಹತ್ತಿದರೆ ವಾಂತಿ. ಆಗಲೇ ನನಗೆ ಹೊಳೆದದ್ದು ದೂರದಿಂದ ಕೆಲಸ ಮಾಡುವ ದಾರಿ. ಆ ತಂತ್ರಾಂಶಕ್ಕೆ ಅಂಥ ಅನುಕೂಲವಿದೆ. ಸರ್ವರ್ ಇಲ್ಲಿದ್ದರೂ ಮಾರ್ಟಳ್ಳಿಯ ಕಂಪ್ಯೂಟರಿನಲ್ಲಿ ಅದರ ಒಂದು ಭಾಗ ಹಾಕಿಕೊಂಡು ಪಾಸ್‌ವರ್ಡ್ ಕೊಟ್ಟು ಒಳಗೆ ಬಂದರೆ, ಇಲ್ಲೇ ಕೂತ ಹಾಗೆ ಸಂಗ್ರಹ ಕಟ್ಟಬಹುದು. ಅವ್ವನನ್ನು ಪಂಚಾಯ್ತಿ ಗ್ರಂಥಾಲಯದಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು, ಅಕ್ಕನ ದನಿ ಕೇಳಿಸುವುದು. ಖಾಲಿ ಜಾಗ ಬಂದಾಗ ಅವ್ವ ತಮ್ಮ ಸಾಲು ಎತ್ತಿಕೊಳ್ಳುವುದು. ಅದನ್ನು ಮಗಳು ರೆಕಾರ್ಡು ಮಾಡಿ ಅಲ್ಲಿಂದಲೇ ಸೇರಿಸುವುದು. ಇಷ್ಟೇ ನಮ್ಮ ಯೋಜನೆ.

ಅದಕ್ಕೆ ಪಟ್ಟ ಪಾಡು ದೇವರಿಗೇ ಪ್ರೀತಿ. ದೂರದ ಕಂಪ್ಯೂಟರಿಗೆ ನಮ್ಮ ಸರ್ವರಿನ ವಿಳಾಸ ಕೊಡಬೇಕು, ಮನೆ ನಂಬರಿನ ಹಾಗೆ ಕೆಲವು ಅಂಕಿ. ನಮ್ಮಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಆ ಅಂಕಿ ಬದಲಾಗುತ್ತಿತ್ತು. ಬೆಳಿಗ್ಗೆ ಫೋನಿನಲ್ಲಿ ಬರೆಸಿದ ವಿಳಾಸ ಮಧ್ಯಾಹ್ನಕ್ಕೆ ಸುಳ್ಳು. “ನಿಮ್ ಸರ್ವರ್ರು ಬಾಡ್ಗೆ ಮನೇಲಿ ಅದಾ ಸಾ? ದಿನಾ ಮನೆ ಬದ್ಲಾಯಿಸ್ತದಲ್ಲ,” ಎಂದು ಆಕೆ ರೇಗಿಸುತ್ತಿದ್ದರು. ಬದಲಾಗದ ವಿಳಾಸ ಕೊಡಿ ಎಂದು ಇಂಟರ್ನೆಟ್ಟಿನವರನ್ನು ಕೇಳುವುದಕ್ಕೆ ಪ್ರಿನ್ಸಿಪಾಲರ ಸಹಿ ಬೇಕಿತ್ತು. ಅವರು ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡು ಅದರ ಮೇಲೆ ಚಕ್ಕುಲಿ ತಿಂದರು. ಕೊನೆಗೂ ಸಹಿಯಾದ, ಎಣ್ಣೆ ಜಿಡ್ಡು ಹತ್ತಿದ ಆ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ತಂದಾಗಲೇ ನನಗೆ ಮುಂದಿನದು ಗೊತ್ತಾಗಬೇಕಿತ್ತು.

ಅಂತೂ ಆಯುಧಪೂಜೆಯ ಹಿಂದಿನ ದಿನ ಸಂಜೆ ಕೊಂಡಿ ಕೂಡಿತು. ಮಾರ್ಟಳ್ಳಿಯಲ್ಲಿ ಕೂತು ಆಕೆ ಹಾಡಿದವರ ಊರನ್ನು ತುಂಬಿದರು. ಇಲ್ಲಿ ನನ್ನ ಕಣ್ಣೆದುರು ಆ ಜಾಗದಲ್ಲಿ ಹೊನ್ನೂರು ಎಂದು ಮೂಡಿತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಸರ್ವರಿನಲ್ಲೇ ಇದ್ದ ಹಾಡಿನ ದೊಡ್ಡ ಫೈಲನ್ನು ಈ ಸಂಗ್ರಹದೊಳಕ್ಕೆ ಹಾಕುವುದೊಂದು ಬಾಕಿ ಇತ್ತು. ಬೆಳಿಗ್ಗೆ ಪೂಜೆಗೆ ಬಂದಾಗ ಹಾಕುತ್ತೇನೆ, ಅವ್ವನನ್ನು ಕರೆದುಕೊಂಡು ಬನ್ನಿ ಅಂದೆ.

“ತಲೆಗೆ ನೀರಾಕಿ ಕರ್ಕಬತ್ತಿನಿ ಸಾ, ಹಬ್ಬ ಅಲ್ವಾ,” ಅಂದರು ಆಕೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಸರ್ವರಿನ ಮೈತುಂಬ ವಿಭೂತಿಯ ಪಟ್ಟೆ. ಗಾಳಿಯಾಡಲು ಇರುವ ತೂತುಗಳೊಳಗೆ ಕುಂಕುಮದ ನೀರು ಇಳಿದಿತ್ತು. ನೆತ್ತಿಯ ಮೇಲೆ ಬಾಳೆಹಣ್ಣು, ಹಣ್ಣಿಗೆ ಚುಚ್ಚಿದ ಊದುಬತ್ತಿ, ಬೂದಿಯೆಲ್ಲ ಒಳಕ್ಕೆ. ಬಾಗಿಲಲ್ಲಿ ಒಡೆದ ಬೂದುಗುಂಬಳದ ತಿರುಳು ಕೇಬಲ್ಲಿನ ಮೇಲೆ ಚೆಲ್ಲಿ ಅಂಟಂಟಾಗಿತ್ತು, ಆಗಲೇ ನೊಣ ಮುತ್ತಿತ್ತು. ಯಂತ್ರವನ್ನು ಆರಿಸಿ ರೇಷ್ಮೆ ಶಾಲು ಹೊದಿಸಿದ್ದರು.

“ಇವತ್ತು ಮುಟ್ಟಬಾರದು ಕಣ್ರಿ. ಪೂಜೆ ಆದ ಆಯುಧ, ವಿಶ್ರಾಂತಿ ತಗೋಬೇಕು,” ಅಂದರು ಪ್ರಿನ್ಸಿಪಾಲರು. ಒಂದು ದಿನ ತಾನೆ, ಹಾಳಾಗಿ ಹೋಗಲಿ ಅಂದುಕೊಂಡೆ. ಅವರು ಕೋಣೆಗೆ ಬೀಗ ಜಡಿದು ಕೀ ಜೇಬಿಗಿಟ್ಟುಕೊಂಡು, ಆಮೇಲೆ ನಿಧಾನವಾಗಿ ಬಾಂಬು ಹಾಕಿದರು. “ನಾಳೇನೂ ಬೇಡಿ. ಉದ್ಘಾಟನೆಗೆ ಬೆಂಗಳೂರಿಂದ ದೊಡ್ಡ ಸಾಹೇಬ್ರನ್ನ ಒಪ್ಪಿಸಿದೀನಿ. ಅವರ ಕೈಯಿಂದ್ಲೇ ಆನ್ ಆಗ್ಲಿ.”

ಅದು ನಿನ್ನೇನೇ ಆನ್ ಆಗಿತ್ತು ಸರ್, ಎರಡು ಕಡೆ ಕೆಲಸ ನಡೀತಿತ್ತು, ಮಾರ್ಟಳ್ಳಿಯಲ್ಲಿ ಒಬ್ಬರು ವಯಸ್ಸಾದವರು ಕೂತು ಕಾಯ್ತಿದ್ದಾರೆ ಎಂದು ಬಿಡಿಸಿ ಹೇಳಿದೆ. ಅವರ ಕಿವಿಯ ವಿಷಯವನ್ನೂ ಹೇಳಿದೆ. ಪ್ರಿನ್ಸಿಪಾಲರು ಅಡಿಕೆಯನ್ನು ದವಡೆಯಿಂದ ದವಡೆಗೆ ಸಾಗಿಸಿದರು.

“ಅವರು ಒತ್ತಬೇಕಾದ ಗುಂಡೀನ ನಾವು ಮೊದಲೇ ಒತ್ತಿಬಿಟ್ರೆ ಎಂಜಲು ಮಾಡಿ ಬಡಿಸಿದ ಹಾಗಲ್ವೇನ್ರಿ?”

ಎಂಜಲು! ಕಂಪ್ಯೂಟರಿನ ಗುಂಡಿಗೆ ಎಂಜಲು! ಹೇಳುತ್ತಲೇ ಅವರು ಕಿಟಕಿಯಿಂದಾಚೆ ಪಿಚಕ್ಕನೆ ಉಗುಳಿದರು. ಹೊರಗೋಡೆಯ ಮೇಲೆ ಕೆಂಪು ಇಳಿಯಿತು. ಆ ಗೋಡೆಯೇ ಸರ್ವರ್ ಕೋಣೆಯ ಗೋಡೆ.

ಸಾಹೇಬರ ಮೊದಲ ದಿನಾಂಕ ಇನ್ನೊಂದು ಸಮಾರಂಭಕ್ಕೆ ಹೋಯಿತು. ಆಮೇಲೆ ದೀಪಾವಳಿ ಅಡ್ಡ ಬಂತು. ಆಮೇಲೆ ಅವರಿಗೆ ಯಾವುದೋ ಮೀಟಿಂಗು. ಆಮೇಲೆ ಧನುರ್ಮಾಸ ಹಿಡಿಯಿತು, ಶೂನ್ಯಮಾಸದಲ್ಲಿ ಒಳ್ಳೆಯ ಕೆಲಸ ಶುರು ಮಾಡುವುದುಂಟೆ? ಈ ನಡುವೆ ನಾನು ಕೀ ಕೇಳಿಕೊಂಡು ಪ್ರಿನ್ಸಿಪಾಲರ ಮನೆಯವರೆಗೂ ಹೋದೆ. ಒಂದು ಗಂಟೆ ಸಾಕು ಸರ್, ಆ ಡಿಸ್ಕು ಒಂದನ್ನು ತೆಗೆದುಕೊಳ್ಳುತ್ತೇನೆ, ಗುಂಡಿ ಮುಟ್ಟುವುದಿಲ್ಲ ಅಂದೆ. “ಕಾಫಿ ಕುಡೀರಿ,” ಅಂದರು. ಇನ್ನೊಮ್ಮೆ ಗಂಟಲೇರಿಸಿದಾಗ ಬೀಗದ ಮೇಲೆ ಕಾಗದ ಅಂಟಿಸಿ ಕಾಲೇಜಿನ ಮೊಹರು ಒತ್ತಿಸಿದರು. ಒಳಗೆ ಬಾಳೆಹಣ್ಣು ಕೊಳೆಯುತ್ತಿರಬೇಕು, ಬಾಗಿಲ ಸಂದಿನಿಂದ ಹುಳಿ ನಾತ ಬರುತ್ತಿತ್ತು. ಆ ನಾತ ಇಂದಿಗೂ ನನ್ನ ಮೂಗಿನಲ್ಲಿದೆ. ಓದಲು ಬಂದವರೂ ಮೂಗು ಮುಚ್ಚಿಕೊಂಡು ಓಡಾಡಿದರು, ಬಾಗಿಲು ತೆಗೆಸಿ ಎಂದು ಒಬ್ಬರೂ ಕೇಳಲಿಲ್ಲ.

ಮಾರ್ಟಳ್ಳಿಯಿಂದ ಫೋನು ಬರುತ್ತಲೇ ಇತ್ತು.

“ಇನ್ನೂ ಬಾಗ್ಲು ತಗೀನಿಲ್ವಾ ಸಾ?”

ಇಲ್ಲವಮ್ಮ, ಅನ್ನುತ್ತಿದ್ದೆ.

“ಈಗ ಕೂಗಿ ಮಾತಾಡುದ್ರೆ ಕೇಳುಸ್ತದೆ ಸಾ. ಓದ್ ತಿಂಗ್ಳು ಮೆಲ್ಗೆ ಮಾತಾಡುದ್ರೂ ಕೇಳುಸ್ತಿತ್ತು. ನಿಮ್ ಸಾಹೇಬ್ರು ಕಾಯಿಸ್ಬೋದು, ಅವ್ವನ್ ಕಿವಿ ಕಾಯಲ್ಲ ಕಣ್ ಸಾ.”

ಕೊನೆಕೊನೆಗೆ ಆಕೆ ಬೈಯುವುದನ್ನೂ ಬಿಟ್ಟರು. ಅದು ನನಗೆ ಹೆಚ್ಚು ಚುಚ್ಚಿತು.

ಸಂಕ್ರಾಂತಿ ಕಳೆದ ಮೇಲೆ ಉದ್ಘಾಟನೆ ಗೊತ್ತಾಯಿತು. ದೂರದಿಂದ ಕೆಲಸ ಮಾಡುವುದನ್ನು ವೇದಿಕೆಯ ಮೇಲೆ ತೋರಿಸಬೇಕಂತೆ. ಅದಕ್ಕೆ ಮಾರ್ಟಳ್ಳಿಯವರು ಕೊಳ್ಳೇಗಾಲಕ್ಕೆ ಬರಬೇಕಂತೆ! ಸರ್, ಅವರು ಅಲ್ಲೇ ಇದ್ದು ಮಾಡಿದರೆ ತಾನೆ ದೂರದಿಂದ ಮಾಡಿದ ಹಾಗೆ ಅಂದೆ. “ಹಂಗಾದ್ರೆ ಫೋಟೋದಲ್ಲಿ ಯಾರ್ ಇರ್ತಾರ್ರೀ?” ಎಂದು ನಕ್ಕರು. ಆ ಅಜ್ಜಿಗೂ ಶಾಲು ತರಿಸಿದ್ದೀನಿ, ಕರೆಸಿ ಎಂದರು. ಕಾಲೇಜಿನ ಜೀಪು ಸಾಹೇಬರ ಹಿಂದೆ ಹೋಗಿತ್ತು. ತಾಯಿ ಮಗಳು ಬಸ್ಸಿನಲ್ಲೇ ಹನೂರು ದಾಟಿ ಬಂದರು. ಮಧುವನಹಳ್ಳಿ ಹತ್ತಿರ ಬಂದಾಗ ಮಗಳು ಫೋನ್ ಮಾಡಿ, ಅವ್ವ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು, ಬಾಯಿ ಮುಕ್ಕಳಿಸಲು ಬಿಸಿನೀರು ಇಟ್ಟಿರಿ ಅಂದರು.

ಸಾಹೇಬರು ಮಧ್ಯಾಹ್ನ ಕಳೆದು ಬಂದರು. ಪೇಟ, ಹಾರ, ಹಣ್ಣಿನ ಬುಟ್ಟಿ. ಕೋಣೆಯ ಬೀಗ ತೆಗೆದದ್ದು ಆ ಬೆಳಿಗ್ಗೆಯಷ್ಟೇ, ಸರ್ವರನ್ನು ಒರೆಸಿ ಹಾಡಿನ ಫೈಲು ಹಾಕಿ ಕೊಟ್ಟಿದ್ದೆ. ವೇದಿಕೆಗೆ ತಂದಿರಿಸಿದ್ದ ಅದರ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಮಗಳನ್ನು ಲ್ಯಾಪ್‌ಟಾಪ್ ಕೊಟ್ಟು ಕೂರಿಸಿ ಇದೇ ದೂರದ ಮಾರ್ಟಳ್ಳಿ ಅಂದರು ಪ್ರಿನ್ಸಿಪಾಲರು. ಸಾಹೇಬರು ಒಂದು ಕೈಯಲ್ಲಿ ಮೊಬೈಲು ಹಿಡಿದು ಯಾರೊಂದಿಗೋ ಮಾತಾಡುತ್ತಲೇ ಇನ್ನೊಂದು ಕೈಯಿಂದ ಗುಂಡಿ ಒತ್ತಿದರು.

ದೊಡ್ಡ ದೊಡ್ಡ ಧ್ವನಿಪೆಟ್ಟಿಗೆಗಳಿಂದ ಬೀಸುಕಲ್ಲಿನ ಸದ್ದು ಎದ್ದಿತು. ಅದರ ಮೇಲೆ ಹೊನ್ನೂರಿನ ಅಕ್ಕನ ದನಿ. ಏನು ದನಿ ಅದು! ನಾನು ತಂಗಿಯ ಮುಖವನ್ನೇ ನೋಡುತ್ತಿದ್ದೆ. ಅವರು ಎದುರಿಗಿದ್ದ ಹೂದಾನಿಯನ್ನು ನೋಡುತ್ತಾ ಕೂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

ಮೊದಲ ಸಾಲು ಮುಗಿಯಿತು. ಮಗಳು ಎದ್ದು ಬಂದು ಅವ್ವನ ಕೈ ಹಿಡಿದು ಅದುಮಿದರು. ಅವ್ವನಿಗೆ ಅರ್ಥವಾಯಿತು. ಬೆನ್ನು ನೆಟ್ಟಗಾಯಿತು, ಬಾಯಿ ತೆರೆಯಿತು. ಅಷ್ಟರಲ್ಲಿ, ಹಾಡು ಮುಗಿಯಿತೆಂದುಕೊಂಡು ಪ್ರಿನ್ಸಿಪಾಲರು ಚಪ್ಪಾಳೆ ಹೊಡೆದರು. ಅವರ ಹಿಂದೆಯೇ ಇಡೀ ಸಭೆ ಹೊಡೆಯಿತು. ಅಷ್ಟೊಂದು ಕೈಗಳು ಆಡುವುದನ್ನು ಕಂಡ ಅವ್ವ, ಎಲ್ಲಾ ಮುಗಿಯಿತೇನೋ ಎಂದು ತೆರೆದ ಬಾಯಿ ಮುಚ್ಚಿ ಸಭೆಗೆ ಕೈ ಮುಗಿದರು. ಎರಡನೆಯ ಸಾಲಿಗೂ ಅಷ್ಟೇ, ಮೂರನೆಯದಕ್ಕೂ ಅಷ್ಟೇ. ಖಾಲಿ ಜಾಗ ಬಂದಲ್ಲೆಲ್ಲ ಚಪ್ಪಾಳೆ. ಚಪ್ಪಾಳೆ ಬಂದಲ್ಲೆಲ್ಲ ಅವ್ವ ಕೈ ಮುಗಿಯುವುದು. ನಿಲ್ಸಿ, ನಿಲ್ಸಿ ಎಂದು ನಾನು ಕೂಗಿದ್ದು ಯಾರಿಗೂ ಮುಟ್ಟಲಿಲ್ಲ. ಆಮೇಲೆ ಸಾಹೇಬರಿಗೆ ಹೊತ್ತಾಯಿತೆಂದು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ವಂದನಾರ್ಪಣೆ ಶುರು ಮಾಡಿದರು. ಥೂ!

ಬಸ್ ಸ್ಟ್ಯಾಂಡಿಗೆ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಮಗಳು ನನ್ನ ಮುಖ ನೋಡಲಿಲ್ಲ. ಹನೂರಿನ ಬಸ್ಸಿನಲ್ಲಿ ಅವ್ವನಿಗೆ ಕಿಟಕಿಯ ಸೀಟು ಸಿಕ್ಕಿತು. ಅವರು ಕಿಟಕಿಯಿಂದ ಬಗ್ಗಿ, ಕಿವಿ ಕೇಳದವರು ಮಾತಾಡುವ ಹಾಗೆ ಜೋರಾಗಿ, ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೇಳಿದರು.

“ನಮ್ಮಕ್ಕ ಪದವ ಚೆಂದಾಗಿ ಏಳುದ್ಲಾ ಸಾ?”

ನಾನು ಹೂಂ ಎಂದು ತಲೆಯಾಡಿಸಿದೆ.

“ನಾನು ಯಾವಾಗ್ಲೂ ಒಸಿ ತಡ್ವಾಗಿ ಎತ್ಕತಿದ್ದಿ ಸಾ,” ಅಂದರು. “ಅದ್ಕೇ ಅವ್ಳು ಬೈಯೋಳು.”