ಬಟ್ಟಿ ಇಳಿಸಿದ ನೀರಿನ ಪಾಠ

ನಿವೃತ್ತಿಗೆ ಮುಂಚಿನ ವರ್ಷ ನಾನು ಬಸವಕಲ್ಯಾಣದ ಒಂದು ಖಾಸಗಿ ಬಿ.ಇಡಿ. ಕಾಲೇಜಿನಲ್ಲಿ ವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕಿಯಾಗಿದ್ದೆ. ಕಾಲೇಜಿನ ಹೆಸರು ಬೇಡ. ಹೇಳಿದರೆ ಅದಕ್ಕೆ ಪ್ರಚಾರ ಸಿಕ್ಕೀತು, ಅಷ್ಟು ಉಪಕಾರ ಮಾಡುವ ಮನಸ್ಸು ನನಗಿಲ್ಲ.

ಬಿ.ಇಡಿ. ಓದುವವರು ಕೋರ್ಸಿನ ನಡುವೆ ಕೆಲವು ತಿಂಗಳು ಒಂದು ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ನಿಜವಾದ ಪಾಠ ಮಾಡಬೇಕು. ಇದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಅವರ ಪಾಠ ನೋಡಿ, ತಿದ್ದಿ, ಕೊನೆಗೆ ಅಂಕಪಟ್ಟಿಗೆ ಸಹಿ ಹಾಕುವುದು ಮಾರ್ಗದರ್ಶಿಯ ಕೆಲಸ. ಹುಮನಾಬಾದಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದ ತಂಡಕ್ಕೆ ನಾನು ಮಾರ್ಗದರ್ಶಿ.

ಆ ವರ್ಷ ನಮ್ಮ ಆಡಳಿತ ಮಂಡಳಿಗೆ ಡಿಜಿಟಲ್ ಹುಚ್ಚು ಹಿಡಿದಿತ್ತು. ಕೊರೊನಾ ಕಾಲದಲ್ಲಿ ಒಂದು ಆನ್‌ಲೈನ್ ಪಾಠವನ್ನೂ ನಡೆಸದೆ ಬಾಗಿಲು ಹಾಕಿಕೊಂಡು ಕೂತಿದ್ದವರಿಗೆ, ಶಾಲೆಗಳೆಲ್ಲ ತೆರೆದು ವರ್ಷಗಳಾದ ಮೇಲೆ ತಂತ್ರಜ್ಞಾನ ನೆನಪಾಯಿತು. ಅಧ್ಯಕ್ಷರ ಅಳಿಯ ಸುಹಾಸ್ ಎಂಬವನನ್ನು ಡಿಜಿಟಲ್ ಸಂಯೋಜಕನಾಗಿ ನೇಮಿಸಿದರು. ಬಸವಕಲ್ಯಾಣದಲ್ಲೇ ಹುಟ್ಟಿ ಬೆಳೆದ ಈತ ಹೈದರಾಬಾದಿನಲ್ಲಿ ಸ್ವಲ್ಪ ಕಾಲ ಇದ್ದು ಬಂದು, ತನ್ನ ಊರಿನ ಮಾತನ್ನು ಊರಿನ ಗಡಿಯಲ್ಲೇ ಬಿಟ್ಟು ಬಂದಿದ್ದ. ಒಂದು ದಿನವಾದರೂ ತರಗತಿಯಲ್ಲಿ ನಿಂತು ಪಾಠ ಮಾಡಿದವನಲ್ಲ. ಮಾಡಿದ್ದರೆ ಅವನನ್ನು ಆ ಹುದ್ದೆಗೆ ತೆಗೆದುಕೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ.

ಅವನ ಮೊದಲ ಆಜ್ಞೆ: ಪ್ರತಿ ಪ್ರಶಿಕ್ಷಣಾರ್ಥಿಯೂ ಹತ್ತಾರು ಆನ್‌ಲೈನ್ ಟೂಲ್‌ಗಳನ್ನು ಬಳಸಿದ್ದಕ್ಕೆ ಸ್ಕ್ರೀನ್‌ಶಾಟ್ ಕೊಡಬೇಕು. ಮಕ್ಕಳು ಏನು ಕಲಿತರು ಎಂದು ಅವನು ಕೇಳಲಿಲ್ಲ, ಪರದೆಯ ಚಿತ್ರ ಕೇಳಿದ. ನಮ್ಮ ಹುಡುಗರು ದಡ್ಡರಲ್ಲ. ಒಬ್ಬ ತೆಗೆದ ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಸುತ್ತಾಡಿ, ಹೆಸರಿನ ಜಾಗ ಮಾತ್ರ ಬದಲಾಗಿ ಎಲ್ಲರ ಕಡತ ಸೇರಿತು. ಸುಹಾಸ್ ಅವನ್ನೆಲ್ಲ ಬಣ್ಣದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ. ಅದಕ್ಕೆ ‘ನವೀನತೆಯ ಗೋಡೆ’ ಎಂದು ಹೆಸರು ಬೇರೆ.

ಒಬ್ಬಳು ಮಾತ್ರ ಆ ಟೂಲ್‌ಗಳನ್ನು ನಿಜವಾಗಿಯೂ ಬಳಸಿ ನೋಡಿದಳು. ನಾಜ್ನೀನ್, ಚಿಟಗುಪ್ಪದವಳು. ಮನೆಯಲ್ಲಿ ದಖನಿ ಉರ್ದು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದಳು. ಅವಳಿಗೆ ವಿನಯ ಕಡಿಮೆ, ತಾಳ್ಮೆ ಇನ್ನೂ ಕಡಿಮೆ. ಬಣ್ಣಬಣ್ಣದ ಕ್ವಿಜ್ ಆಪ್ ಒಂದನ್ನು ವಾರವಿಡೀ ಆಡಿಸಿ ನೋಡಿ ನನ್ನ ಬಳಿ ಬಂದಳು.

“ಮೇಡಂ, ಇದ್ರಾಗ ಜಲ್ದಿ ಒತ್ತಿದವ್ರಿಗೆ ಜಾಸ್ತಿ ಮಾರ್ಕ್ಸ್ ಕೊಡ್ತದರಿ. ಮಕ್ಳು ಪ್ರಶ್ನೆ ಓದೋದೇ ಬಿಟ್ಟಾರ. ಇದು ಪಾಠ ಅಲ್ರಿ, ನೊಣ ಹೊಡಿಯೋ ಆಟ.”

ಪರದೆಯ ಮೇಲೆ ತಂತಿ, ಬಲ್ಬು ಜೋಡಿಸುವ ಸಿಮ್ಯುಲೇಶನ್ ಅವಳಿಗೆ ಇಷ್ಟವಾಯಿತು. ಕಣ್ಣಿಗೆ ಕಾಣದ ಪ್ರವಾಹ ಅಲ್ಲಿ ಕಾಣುತ್ತಿತ್ತು. ಅದನ್ನು ಇಟ್ಟುಕೊಂಡಳು, ಕ್ವಿಜ್ ಬಿಟ್ಟಳು. ಕೊನೆಗೆ ಅವಳಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ತೀರಾ ಸಾದಾ ಸಾಧನ: ದನಿ ಮುದ್ರಿಸಿ ಕಳಿಸುವ ಸೌಲಭ್ಯ. ಪ್ರತಿ ಪಾಠದ ನಂತರ ಮಕ್ಕಳು ಮನೆಯ ಫೋನಿನಲ್ಲಿ, ತಾವು ತಿಳಿದುಕೊಂಡದ್ದನ್ನು ಮನೆಯವರಿಗೆ ಹೇಳುವಂತೆ ಹೇಳಿ, ಮುದ್ರಿಸಿ ಅವಳಿಗೆ ಕಳಿಸಬೇಕು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳೂ ಫೋನಿನಲ್ಲಿ ನಿರರ್ಗಳವಾಗಿ ಮಾತಾಡಿದರು. ಇದಕ್ಕೆ ಚಂದದ ಸ್ಕ್ರೀನ್‌ಶಾಟ್ ಬರುವುದಿಲ್ಲ ಎಂಬ ಕಾರಣಕ್ಕೆ ಸುಹಾಸ್ ಅದನ್ನು ಪರಿಗಣಿಸಲೇ ಇಲ್ಲ.

ಅಷ್ಟರಲ್ಲಿ ಹೊರಗಿನಿಂದ ಒಂದು ಪರಿಶೀಲನಾ ತಂಡ ಬರುವುದೆಂದು ಗೊತ್ತಾಯಿತು. ತಂಡದ ಮುಂದೆ ಹುಮನಾಬಾದಿನ ಶಾಲೆಯಲ್ಲಿ ನಾಜ್ನೀನಳ ತರಗತಿಗೆ ಒಂದು ಮಾದರಿ ಡಿಜಿಟಲ್ ಪಾಠ ಆಗಬೇಕು. ಪಾಠ, ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮಗಳು. ಯಾವ ದ್ರವ ವಿದ್ಯುತ್ತನ್ನು ಹರಿಯಗೊಡುತ್ತದೆ, ಯಾವುದು ಹರಿಯಗೊಡುವುದಿಲ್ಲ ಎಂಬ ವಿಷಯ. ಸುಹಾಸ್ ಒಂದು ಇಂಗ್ಲಿಷ್ ವಿಡಿಯೋವನ್ನು ಯಾವುದೋ ಸಾಫ್ಟ್‌ವೇರಿಗೆ ಹಾಕಿ ಕನ್ನಡ ಮಾಡಿಸಿ, ಯಂತ್ರದ ದನಿ ಕೊಡಿಸಿ ತಂದ. ಅವನು, ನಾಜ್ನೀನ್, ನಾನು, ಮೂವರೂ ಕೂತು ನೋಡಿದೆವು.

“ಪ್ರಸ್ತುತವು ತಂತಿಯ ಮೂಲಕ ಹರಿಯುತ್ತದೆ,” ಎಂದಿತು ಯಂತ್ರ. “ತಾಮ್ರವು ಉತ್ತಮ ನಿರ್ವಾಹಕ.”

ಕರೆಂಟು ‘ಪ್ರಸ್ತುತ’ವಾಗಿತ್ತು, ವಿದ್ಯುತ್ ವಾಹಕ ಬಸ್ಸಿನ ಕಂಡಕ್ಟರ್ ಆಗಿತ್ತು. ನಾಜ್ನೀನ್ ನಗು ತಡೆಯಲಿಲ್ಲ. “ಸರ್, ಈ ತಾಮ್ರ ಟಿಕೆಟ್ ಹರೀತದೇನ್ರಿ?”

ಸುಹಾಸ್ ಅವಳ ಕಡೆ ತಿರುಗಲೇ ಇಲ್ಲ, ನನಗೆ ಹೇಳಿದ: “ಇವರ ಆಕ್ಸೆಂಟ್ ಕೇಳಿ ಮೇಡಂ. ತಂಡದವರ ಮುಂದೆ ಇವರು ಮಾತಾಡೋದು ಬೇಡ. ವಿಡಿಯೋದಲ್ಲಿ ಶುದ್ಧ ಕನ್ನಡ ಇದೆ. ಇವರು ಪ್ಲೇ ಒತ್ತಿ ಪಕ್ಕಕ್ಕೆ ನಿಂತರೆ ಸಾಕು.”

“ನನ್ನ ಕನ್ನಡಕ್ಕ ದಖನಿ ವಾಸನಿ ಅದ, ಖರೇ ಸರ್,” ಎಂದಳು ಅವಳು. “ಆದ್ರ ನನ್ನ ಕನ್ನಡ ಮಕ್ಳಿಗಿ ತಿಳೀತದ. ಇದು ಯಾರಿಗಿ ತಿಳೀತದ, ನೀವೇ ಹೇಳ್ರಿ.”

ಅವಳು ಕೂತಲ್ಲೇ ತಪ್ಪು ಪದಗಳನ್ನೆಲ್ಲ ಗುರುತಿಸಿ ಕೊಟ್ಟಳು. ತಿದ್ದಿದ ವಿಡಿಯೋವನ್ನು ನಮಗೆ ತೋರಿಸಿದ ಮೇಲೆಯೇ ಮಕ್ಕಳಿಗೆ ಕಳಿಸಬೇಕೆಂದು ನಾನು ಹೇಳಿದೆ. ಸುಹಾಸ್ ತಲೆಯಾಡಿಸಿದ. ಹಾಗೆ ತಲೆಯಾಡಿಸುವವರನ್ನು ವೃತ್ತಿಯುದ್ದಕ್ಕೂ ನೋಡಿದ್ದೇನೆ. ಒಪ್ಪಿದ್ದೇನೆ ಎಂದಲ್ಲ, ಮಾತು ಮುಗಿಸಿ ಎಂದು ಅದರ ಅರ್ಥ.

ತಂಡ ಬರುವ ಹಿಂದಿನ ದಿನ ನಾನು ಹುಮನಾಬಾದಿನ ಶಾಲೆಯಲ್ಲಿದ್ದೆ. ಊಟದ ಬಿಡುವಿನಲ್ಲಿ ನಾಜ್ನೀನ್ ಸಿಬ್ಬಂದಿ ಕೊಠಡಿಗೆ ಓಡಿ ಬಂದಳು. ನಮಗೆ ತೋರಿಸದೆಯೇ ಸುಹಾಸ್ ಹಿಂದಿನ ಸಂಜೆ ವಿಡಿಯೋವನ್ನು ನೇರವಾಗಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದ, ತಂಡ ಬರುವುದರೊಳಗೆ ಹೆಚ್ಚು ಜನ ನೋಡಿದ ಲೆಕ್ಕ ಬೇಕಲ್ಲ, ಅದಕ್ಕೆ. ಮಕ್ಕಳು ಪದ್ಧತಿಯಂತೆ ತಮ್ಮ ದನಿ ಮುದ್ರಿಸಿ ಕಳಿಸಿದ್ದರು. ಸಾವಿತ್ರಿ ಎಂಬ ಹುಡುಗಿ ಆ ದಿನ ಶಾಲೆಗೆ ಬಂದಿರಲಿಲ್ಲ. ಅವಳ ಮಾತನ್ನು ನಾಜ್ನೀನ್ ನನಗೆ ಕೇಳಿಸಿದಳು.

“ಟೀಚರ್, ನೀರಾಗ ಕರೆಂಟ್ ಹರಿಯಂಗಿಲ್ಲಂತ ವಿಡಿಯೋದಾಗ ಹೇಳ್ಯಾರ. ನಮ್ಮಪ್ಪಗ ಹೇಳೀನಿ. ಹಸಿ ಕೈಲೆ ಮೋಟರ್ ಸ್ಟಾರ್ಟರ್ ಮುಟ್ಟಿದ್ರ ಏನೂ ಆಗಂಗಿಲ್ಲ, ನೀ ಸುಮ್ಕ ಅಂಜ್ತಿ ಅಂದೀನಿ.”

ವಿಡಿಯೋ ತೆರೆದು ನೋಡಿದೆವು. ಮೊದಲ ಆವೃತ್ತಿಯಲ್ಲಿ ‘ಬಟ್ಟಿ ಇಳಿಸಿದ ನೀರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ’ ಎಂದಿತ್ತು. ಅದು ಸರಿ. ನೀರನ್ನು ಕಾಯಿಸಿ, ಆವಿಯನ್ನು ತಣಿಸಿ ಪಡೆದ ಶುದ್ಧ ನೀರಿನಲ್ಲಿ ಲವಣಗಳಿರುವುದಿಲ್ಲ, ಅದರಲ್ಲಿ ವಿದ್ಯುತ್ ಹರಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಈಗ ‘ಬಟ್ಟಿ ಇಳಿಸಿದ’ ಎಂಬುದೇ ಮಾಯವಾಗಿತ್ತು. ಉಳಿದದ್ದು ‘ನೀರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ’. ಕೊಳವೆಬಾವಿಯ ನೀರು, ನಲ್ಲಿಯ ನೀರು, ಬೆವರು, ಎಲ್ಲದರಲ್ಲೂ ವಿದ್ಯುತ್ ಹರಿಯುತ್ತದೆ, ಮನುಷ್ಯ ಸಾಯುತ್ತಾನೆ.

ಸುಹಾಸನಿಗೆ ಫೋನ್ ಮಾಡಿ, ವಿಡಿಯೋ ಕೂಡಲೇ ತೆಗೆಯಲು ಹೇಳಿ, ಆ ಪದಗಳೆಲ್ಲಿ ಎಂದು ಕೇಳಿದೆ. ಅವನ ಉತ್ತರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

“ಬಟ್ಟಿ ಇಳಿಸೋದು ಅಂದರೆ ಕಳ್ಳಭಟ್ಟಿ ತರಹ ಕೇಳಿಸುತ್ತೆ ಮೇಡಂ. ತಂಡದಲ್ಲಿ ಹಿರಿಯರು ಇರ್ತಾರೆ. ಅದಕ್ಕೇ ತೆಗೆಸಿದೆ.”

ಸಾವಿತ್ರಿಯ ಮನೆಯ ಫೋನ್ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಅವರ ಮನೆ ಊರಾಚೆ ಹೊಲದಲ್ಲಿ. ಪಂಪ್‌ಸೆಟ್‌ಗಳಿಗೆ ಮಧ್ಯಾಹ್ನದ ಮೇಲೆ ಕರೆಂಟ್ ಕೊಡುವ ವಾರವದು. ನಾಜ್ನೀನ್ ಗುಂಪಿಗೆ ತನ್ನ ದನಿಯಲ್ಲೇ ಎಚ್ಚರಿಕೆ ಕಳಿಸಿದಳು. ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿ ನಾವಿಬ್ಬರೂ ಆಟೋ ಹತ್ತಿದೆವು. ದಾರಿಯಲ್ಲಿ ಅವಳು ಆ ನಂಬರಿಗೆ ಮತ್ತೆ ಮತ್ತೆ ಒತ್ತುತ್ತಲೇ ಇದ್ದಳು. ಡಾಂಬರು ಮುಗಿದು ಬಂಡಿದಾರಿ ಶುರುವಾದಾಗ ಆಟೋದವನು ಮುಂದೆ ಬರುವುದಿಲ್ಲ ಎಂದ. ಇಳಿದು ನಡೆದೆವು. ಅವಳು ಮುಂದೆ ಓಡಿದಳು, ನಾನು ಮಂಡಿನೋವಿನ ಕಾಲು ಎಳೆದುಕೊಂಡು ಹಿಂದೆ.

ಸಾವಿತ್ರಿಯ ತಂದೆ ಶಿವರಾಜ ಕಬ್ಬಿಗೆ ನೀರು ಬಿಡಲು ಕಾಲುವೆ ಸರಿಮಾಡುತ್ತಿದ್ದ. ಮೊಣಕಾಲ ತನಕ ಕೆಸರು, ಎರಡೂ ಕೈ ಒದ್ದೆ. ಕರೆಂಟ್ ಇನ್ನೂ ಬಂದಿರಲಿಲ್ಲ. ನಾಜ್ನೀನ್ ಏದುಸಿರು ಬಿಡುತ್ತಲೇ ಹೇಳಿದಳು.

“ಅಣ್ಣಾ, ಹಸಿ ಕೈಲೆ ಸ್ಟಾರ್ಟರ್ ಮುಟ್ಟಬ್ಯಾಡ್ರಿ. ಆ ವಿಡಿಯೋ ಗಲತ್ ಅದರಿ.”

ಶಿವರಾಜ ಸಲಿಕೆ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. ಅವನಿಗೆ ಕೃತಜ್ಞತೆಯೇನೂ ಮೂಡಲಿಲ್ಲ. ಮೂಡಬೇಕಾದ ಕಾರಣವೂ ಇರಲಿಲ್ಲ.

“ನನ್ ಮಗಳು ನಿನ್ನೆಯಿಂದ ಅದನ್ನೇ ಹೇಳಾಕತ್ತಾಳ, ಸಾಲ್ಯಾಗ ಕಲಿಸ್ಯಾರಂತ. ಕಳ್ಸಿದವ್ರು ನೀವೇ, ಈಗ ಸುಳ್ಳಂತ ಹೇಳಾಕ ಬಂದವ್ರೂ ನೀವೇ. ನಾಳಿ ಆಕಿ ಸಾಲಿಂದ ಇನ್ನೇನರ ಕಲ್ತು ಬಂದು ಹೇಳಿದ್ರ ನಾ ಹ್ಯಾಂಗ ನಂಬ್ಲಿ?”

ಗುಡಿಸಿಲ ಬಾಗಿಲಲ್ಲಿ ಸಾವಿತ್ರಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು. ನಾಜ್ನೀನ್ ಅವಳ ಬಳಿ ಹೋಗಿ, “ನೀ ಸರಿ ಕೇಳಿಸ್ಕೊಂಡಿ, ಸರಿ ಹೇಳಿದಿ. ಹೇಳ್ಕೊಟ್ಟಿದ್ದೇ ತಪ್ಪಿತ್ತು. ನಾಳಿ ಬಾ, ನೀನೇ ಮಾಡಿ ನೋಡು,” ಎಂದಳು.

ಸಂಜೆ ನಾಜ್ನೀನಳೊಂದಿಗೆ ಕಾಲೇಜಿಗೆ ಹೋಗಿ ಪ್ರಾಂಶುಪಾಲರ ಮುಂದೆ ಎಲ್ಲ ಹೇಳಿದೆ. ನಮ್ಮ ಪ್ರಾಂಶುಪಾಲರು ಗಾಳಿ ಬಂದ ಕಡೆ ತೂರಿಕೊಳ್ಳುವವರು. “ಯಾರಿಗೂ ಏನೂ ಆಗಿಲ್ಲವಲ್ಲ,” ಎಂದರು. ಸುಹಾಸ್, ಈಗ ತಿದ್ದಲು ಸಮಯವಿಲ್ಲ, ಒಂದು ವಾಕ್ಯವನ್ನು ಯಾರೂ ಗಮನಿಸುವುದಿಲ್ಲ, ಅದೇ ವಿಡಿಯೋ ನಡೆಯಲಿ ಎಂದ. ನಾಜ್ನೀನ್ ಬಾಯಿ ತೆರೆದರೆ ಇಂಟರ್ನ್‌ಶಿಪ್ ಅಂಕ ಮರೆತುಬಿಡಲಿ ಎಂದೂ ಸೇರಿಸಿದ. ಆ ಅಂಕವಿಲ್ಲದೆ ಬಿ.ಇಡಿ. ಮುಗಿಯುವುದಿಲ್ಲ. ಅವಳು ಎದ್ದು ಚಿಟಗುಪ್ಪದ ಬಸ್ಸಿಗೆ ಹೋದಳು.

ಮರುದಿನ ಪರಿಶೀಲಕರು ಹಿಂದಿನ ಬೆಂಚಿನಲ್ಲಿ ಕೂತರು. ಒಬ್ಬರು ಫೋನಿನಲ್ಲಿ ಮುಳುಗಿದ್ದರು, ಇನ್ನೊಬ್ಬರಿಗೆ ಊಟ ಎಲ್ಲಿ ಎಂಬ ಚಿಂತೆ. ನಾಜ್ನೀನ್ ಪ್ಲೇ ಒತ್ತಿ ಪಕ್ಕಕ್ಕೆ ನಿಂತಳು. ಸುಹಾಸನ ಮುಖದಲ್ಲಿ ಸಮಾಧಾನ. ‘ನೀರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ’ ಎಂದು ಯಂತ್ರ ಹೇಳಿತು. ಅವಳು ವಿಡಿಯೋ ನಿಲ್ಲಿಸಿದಳು.

“ಮಕ್ಳೇ, ಇದು ಖರೇ ಅದನೋ ಸುಳ್ಳದನೋ? ಸಾವಿತ್ರಿ, ಬಾ ಇಲ್ಲಿ.”

ಮೇಜಿನ ಮೇಲೆ ಎರಡು ಲೋಟ ಇಟ್ಟಳು. ಒಂದರಲ್ಲಿ ಬ್ಯಾಟರಿ ಅಂಗಡಿಯಿಂದ ತಂದ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಶಾಲೆಯ ಕೊಳವೆಬಾವಿಯ ನೀರು. ಎರಡು ಟಾರ್ಚ್ ಸೆಲ್, ಒಂದು ಎಲ್‌ಇಡಿ, ತಂತಿ. ಸಾವಿತ್ರಿ ತಂತಿಯ ತುದಿಗಳನ್ನು ಮೊದಲ ಲೋಟದಲ್ಲಿ ಅದ್ದಿದಳು. ಏನೂ ಆಗಲಿಲ್ಲ. ಎರಡನೆಯದರಲ್ಲಿ ಅದ್ದಿದಳು. ಎಲ್‌ಇಡಿ ಮಂಕಾಗಿ, ಆದರೆ ನಿಸ್ಸಂದೇಹವಾಗಿ ಹೊತ್ತಿತು. ತರಗತಿ ಎದ್ದು ಮೇಜಿನ ಸುತ್ತ ಮುತ್ತಿತು.

“ಟೀಚರ್, ಇದ್ರಾಗ ಹರೀತದ! ನಮ್ಮ ಹೊಲದ ನೀರೂ ಹಿಂಗೇ ಇರ್ತದ!” ಎಂದಳು ಸಾವಿತ್ರಿ.

“ಹಾಂಗಾದ್ರ ಮನಿಗಿ ಹೋಗಿ ಅಪ್ಪಗ ಏನ್ ಹೇಳ್ತಿ?”

“ಹಸಿ ಕೈಲೆ ಮುಟ್ಟಬ್ಯಾಡ ಅಂತೀನ್ರಿ.”

ನಂತರ ಏನಾಯಿತೆಂದು ಕೇಳಿ. ಪರಿಶೀಲಕರು ತಮ್ಮ ವರದಿಯಲ್ಲಿ, ಮಕ್ಕಳಿಗೆ ಸವಾಲೆಸೆಯಲು ಬೇಕೆಂದೇ ತಪ್ಪು ಹೇಳಿಕೆ ಸೇರಿಸಿದ ವಿಡಿಯೋವನ್ನು ಮೆಚ್ಚಿದರು! ಸುಹಾಸ್ ಆ ಮೆಚ್ಚುಗೆಯನ್ನು ನಾಚಿಕೆಯಿಲ್ಲದೆ ಸ್ವೀಕರಿಸಿ ಹಾರ ಹಾಕಿಸಿಕೊಂಡ. ಮರುವಾರ ಅಂಕಪಟ್ಟಿ ಸಹಿಗೆ ಬಂದಾಗ, ಆದೇಶ ಮೀರಿದ ಕಾರಣಕ್ಕೆ ನಾಜ್ನೀನಳನ್ನು ಅನುತ್ತೀರ್ಣ ಮಾಡಲಾಗಿತ್ತು. ಹಾರ ಕೊರಳಲ್ಲಿ, ಕತ್ತರಿ ಕೈಯಲ್ಲಿ.

ನಾನು ಸಹಿ ಹಾಕಲಿಲ್ಲ. ಪ್ರಾಂಶುಪಾಲರಿಗೆ ಹೇಳಿದೆ: “ಈ ಅಂಕ ಹೀಗೇ ಹೋಗಲಿ. ಜೊತೆಗೆ ಆ ಪದಗಳನ್ನು ಯಾರು, ಯಾಕೆ ತೆಗೆಸಿದರು ಅಂತ ನಾನೂ ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸುತ್ತೇನೆ. ಶಿವರಾಜನನ್ನು ಕರೆದುಕೊಂಡು ನಾನೇ ಹೋಗುತ್ತೇನೆ.” ಅವರು ಸುಹಾಸನ ಕಡೆ ನೋಡಿದರು, ಸುಹಾಸ್ ಫ್ಯಾನಿನ ಕಡೆ ನೋಡಿದ. ಸಂಜೆಯೊಳಗೆ ಪಟ್ಟಿ ಬದಲಾಗಿ ಬಂತು. ಅವಳು ಉತ್ತೀರ್ಣಳಾದಳು, ಕೇವಲ ಉತ್ತೀರ್ಣ. ಅದಕ್ಕಿಂತ ಹೆಚ್ಚು ಕೊಡುವ ಧೈರ್ಯ ಅವರಿಗಿರಲಿಲ್ಲ. ಸುಹಾಸ್ ಈಗ ಕಾಲೇಜಿನ ನಿರ್ದೇಶಕ. ಅವನು ಮುಳುಗಿದ ಎಂದು ಬರೆಯಲು ನನಗೂ ಆಸೆಯಿತ್ತು, ಆದರೆ ಅಂಥವರು ಮುಳುಗುವುದಿಲ್ಲ, ಬೆಂಡು ಮುಳುಗಿದ್ದನ್ನು ನಾನು ಕಂಡಿಲ್ಲ.

ನಾಜ್ನೀನ್ ಹಳ್ಳಿಖೇಡ (ಬಿ)ಯ ಒಂದು ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಆನ್‌ಲೈನ್ ಟೂಲ್‌ಗಳನ್ನು ಅವಳು ಬಿಟ್ಟಿಲ್ಲ, ನಮ್ಮ ಕಾಲೇಜಿನ ಎಲ್ಲರಿಗಿಂತ ಹೆಚ್ಚೇ ಬಳಸುತ್ತಾಳೆ. ಹೊಸ ಆಪ್ ಮಾರಲು ಟೈ ಕಟ್ಟಿಕೊಂಡು ಬರುವವರಿಗೆ ಅವಳು ಒಂದೇ ಪ್ರಶ್ನೆ ಹಾಕುತ್ತಾಳಂತೆ: “ಇದ್ರಾಗ ನನ್ನ ಮಾತು ಮಕ್ಳಿಗಿ ಕೇಳ್ತದ, ಅದು ಗೊತ್ತದ. ಮಕ್ಳ ಮಾತು ನನಗ ಕೇಳ್ತದೇನ್ರಿ?” ಬಹಳ ಜನ ಚಹಾ ಕುಡಿಯದೆಯೇ ಎದ್ದು ಹೋಗುತ್ತಾರೆ ಎಂದು ಫೋನಿನಲ್ಲಿ ಹೇಳಿ ನಕ್ಕಳು.

ನಾನು ಇಷ್ಟು ವರ್ಷ ಪಾಠಯೋಜನೆ, ಉದ್ದೇಶ, ಮೌಲ್ಯಮಾಪನ ಎಂದು ಬೋರ್ಡಿನ ತುಂಬ ಬರೆಸಿದೆ. ವೃತ್ತಿಯ ಕೊನೆಯಲ್ಲಿ ತಿಳಿದದ್ದು ಇದು: ಪಾಠ ಶಾಲೆಯ ಗಂಟೆ ಹೊಡೆದಾಗ ಮುಗಿಯುವುದಿಲ್ಲ, ಮಗು ಅದನ್ನು ಮನೆಗೆ ಒಯ್ದು ತನ್ನವರಿಗೆ ಕಲಿಸುತ್ತದೆ, ಅವರು ಮಗುವನ್ನು ನಂಬುತ್ತಾರೆ. ಮಗು ಅಲ್ಲಿ ಏನು ಹೇಳಿತು ಎಂದು ಕೇಳುವ ವ್ಯವಧಾನ ಇಲ್ಲದವರು ಕೈಯಲ್ಲಿ ಸೀಮೆಸುಣ್ಣ ಹಿಡಿದರೂ ಅಷ್ಟೆ, ಲ್ಯಾಪ್‌ಟಾಪ್ ಹಿಡಿದರೂ ಅಷ್ಟೆ. ಅವರನ್ನು ಮಕ್ಕಳಿಂದ ದೂರ ಇಡಬೇಕು.