ಕೊಲೆಗಾರನ ಎರಡನೇ ಕೋಟು

ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುವವರಿಗೆ ಕೊಲೆಗಾರ ಯಾರೆಂದು ಕೊನೆಯಲ್ಲಿ ಗೊತ್ತಾಗುತ್ತದೆ. ನಮ್ಮ ಮನೆಯವರಿಗೆ ಮಾತ್ರ ಮೊದಲೇ ಗೊತ್ತಾಗುತ್ತಿತ್ತು, ಏಕೆಂದರೆ ಅವನ ಬಟ್ಟೆ ನಮ್ಮ ಸೋಫಾದ ಮೇಲೆ ಬಿದ್ದಿರುತ್ತಿತ್ತು. ಕೂರಲು ಜಾಗವಿಲ್ಲದೆ ಅಪ್ಪ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು. ಅಪ್ಪನ ಈ ಪಾಡಿಗೆ ಅವರ ತಂಗಿ, ಅಂದರೆ ನಮ್ಮ ಅತ್ತೆ ಕಾರಣ. ಅತ್ತೆಯ ಪಾಡಿಗೆ ಅವಳು ಉಡುಪು ನೋಡಿಕೊಳ್ಳುತ್ತಿದ್ದ ಧಾರಾವಾಹಿಯ ನಾಯಕ, ಆ ಮಹಾನುಭಾವ ಕಾರಣ.

ಅತ್ತೆ ಅರ್ಧ ಆಯುಷ್ಯವನ್ನು ಸಮವಸ್ತ್ರದ ಕಾರ್ಖಾನೆಯೊಂದರಲ್ಲಿ ಗುಂಡಿಯ ಕಾಜಾ ಹೊಲಿಯುತ್ತ ಕಳೆದವಳು. ಒಂದೇ ಬಣ್ಣದ ಅಂಗಿ, ಒಂದೇ ಅಳತೆಯ ತೂತು. ಧಾರಾವಾಹಿಯ ಉಡುಪಿನ ಕೆಲಸ ಸಿಕ್ಕ ಮೇಲೆ ಅವಳ ಮುಖದ ಕಳೆಯೇ ಬದಲಾಯಿತು. ಜಿಪುಣನ ಕಾಲರ್ ಎಲ್ಲಿ ಸವೆದಿರಬೇಕು, ಸುಳ್ಳು ಹೇಳುವ ಡಾಕ್ಟರಿಗೆ ಎಂಥ ಸ್ವೆಟರ್ ಒಪ್ಪುತ್ತದೆ ಎಂದು ತಟ್ಟೆಯ ಮುಂದೆ ಕೂತಾಗಲೂ ಯೋಚಿಸುತ್ತಿದ್ದಳು. ಧಾರಾವಾಹಿ ನಿಂತರೆ ಮತ್ತೆ ಕಾಜಾಕ್ಕೇ ಹೋಗಬೇಕಿತ್ತು. ಅದೊಂದನ್ನು ತಪ್ಪಿಸಿಕೊಳ್ಳಲು ಅವಳು ಯಾರ ಕಾಟವನ್ನಾದರೂ ಸಹಿಸುತ್ತಿದ್ದಳು, ಮತ್ತು ಕಾಟ ಕೊಡುವುದರಲ್ಲಿ ಆ ಮನುಷ್ಯನಿಗೆ ಸಾಟಿಯಿರಲಿಲ್ಲ.

ಪತ್ತೇದಾರನ ಪಾತ್ರ ಮಾಡುತ್ತಿದ್ದ ಅವನು ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಸುಮ್ಮನೆ ಒಂದು ಲೋಟ ಎತ್ತಿ ನೋಡಿದರೂ ಸಾಕು, ನೋಡುವವರು ಉಸಿರು ಬಿಗಿಹಿಡಿಯುತ್ತಿದ್ದರು. ಆದರೆ ಅವನದೊಂದು ಹಟ. ಕೊಲೆಗಾರ ಯಾರೆಂಬುದು ಕ್ಯಾಮೆರಾ ಮುಂದೆ ನಿಂತಾಗಲೇ ಅವನಿಗೆ ತಿಳಿಯಬೇಕು. ಮೊದಲೇ ತಿಳಿದರೆ ಮುಖದಲ್ಲಿ ಸುಳ್ಳು ಕಾಣುತ್ತದಂತೆ. ಹಾಗಾಗಿ ಅವನಿಗೆ ಕೊಡುವ ಸಂಭಾಷಣೆಯಲ್ಲಿ ಕೊನೆಯ ಹಾಳೆಗಳನ್ನು ಕಿತ್ತಿಟ್ಟು ಉಳಿದದ್ದನ್ನು ಕೊಡುತ್ತಿದ್ದರು. ಲೈಟಿನವರಿಂದ ಹಿಡಿದು ಚಹಾದವನವರೆಗೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಓಡಾಡಬೇಕಿತ್ತು.

ಬಾಯಿಗೆ ಬೀಗ ಹಾಕಬಹುದು, ಬಟ್ಟೆಗೆ ಹಾಕುವುದು ಹೇಗೆ? ಕೆಸರಲ್ಲೋ ನೀರಲ್ಲೋ ಬೀಳುವ ಪಾತ್ರಕ್ಕೆ ಒಂದೇ ಥರದ ಎರಡು ಉಡುಪು ಬೇಕು. ಮೊದಲ ಸಲ ಸರಿಬರದಿದ್ದರೆ ಒಣಗಿದ್ದೊಂದು ಕೈಗೆ ಸಿಗಬೇಕಲ್ಲ. ಕೊನೆಯಲ್ಲಿ ಓಡಿ ಬೀಳುವವನು ಸಾಮಾನ್ಯವಾಗಿ ಕೊಲೆಗಾರನೇ. ಮಹಾನುಭಾವ ಒಮ್ಮೆ ಉಡುಪಿನ ಕೋಣೆಗೆ ಇಣುಕಿ ಎರಡು ಹಸಿರು ಸ್ವೆಟರ್ ಕಂಡ. ಕೊಲೆಗಾರ ಡಾಕ್ಟರೇ ಎಂದು ಘೋಷಿಸಿ ಕಾರು ಹತ್ತಿ ಮನೆಗೆ ಹೋದ. ಆ ವಾರದ ಕಂತು ಚಾನೆಲಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಇನ್ನೊಮ್ಮೆ ಹೀಗಾದರೆ ಧಾರಾವಾಹಿಯನ್ನೇ ನಿಲ್ಲಿಸುತ್ತೇವೆ ಎಂದು ಚಾನೆಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಜೋಡಿ ಬಟ್ಟೆಗಳು ನಮ್ಮ ಸೋಫಾಕ್ಕೆ ಬಂದದ್ದು ಆಮೇಲೆ.

ಮುಂದೆ ಒಂದು ಕಂತಿನಲ್ಲಿ ಪತ್ತೇದಾರನ ನಂಬಿಕೆಯ ಸಹಾಯಕನೇ ಕೊಲೆಗಾರನಾಗಬೇಕಿತ್ತು. ಅವನ ಎರಡನೇ ಬೂದು ಕೋಟನ್ನು ಅತ್ತೆ ಚಿತ್ರೀಕರಣದ ದಿನ ಸ್ಟುಡಿಯೋಗೆ ಒಯ್ಯಬೇಕಿತ್ತು. ಚೀಲದಲ್ಲಿ ಹಾಕಿದರೆ ಆ ಮನುಷ್ಯ ಚೀಲವನ್ನೇ ತಡಕುತ್ತಾನೆ. ಅದಕ್ಕೆ ಅತ್ತೆ ಕೋಟನ್ನು ತಾನೇ ತೊಟ್ಟುಕೊಂಡಳು. ಬಚ್ಚಿಡಲು ಮೈಗಿಂತ ಒಳ್ಳೆಯ ಜಾಗ ಇಲ್ಲವೆಂಬುದು ಅವಳ ತರ್ಕ. ತೋಳು ಮೊಣಕೈವರೆಗೆ ಮಡಚಿತ್ತು, ಭುಜ ಜೋತುಬಿದ್ದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಸ್ಸು ಹತ್ತಿಬಿಟ್ಟಿದ್ದಳು.

ಗೇಟಿನ ಹತ್ತಿರವೇ ಮಹಾನುಭಾವ ಎದುರಾದ. ಮಡಚಿದ ತೋಳು ನೋಡಿದ, ಗಂಡಸರ ಕೋಟಿನಂತೆ ಬಲಮಗ್ಗುಲಿಗಿದ್ದ ಗುಂಡಿ ನೋಡಿದ. ಆಚೆ ಅಂಥದೇ ಕೋಟು ತೊಟ್ಟು ಚಹಾ ಕುಡಿಯುತ್ತಿದ್ದ ಸಹಾಯಕನನ್ನು ನೋಡಿದ. ನೇರ ಮೇಕಪ್ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ನಿರ್ದೇಶಕರು ಬಾಗಿಲಾಚೆಯಿಂದ ಗೋಗರೆದರು. ನಿರ್ಮಾಪಕರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಅಂದು ಸಂಜೆಯೊಳಗೆ ಕಂತು ಮುಗಿಯದಿದ್ದರೆ ಎಲ್ಲರ ಕೆಲಸಕ್ಕೂ ಎಳ್ಳುನೀರು. ಒಳಗಿನಿಂದ ಒಂದೇ ಉತ್ತರ ಬರುತ್ತಿತ್ತು:

"ಗೊತ್ತಿರೋದನ್ನ ಗೊತ್ತಿಲ್ಲದ ಹಾಗೆ ಮಾಡೋಕೆ ನನಗೆ ಬರಲ್ಲ."

ಯಾವತ್ತೂ ದನಿ ಏರಿಸದ ಅತ್ತೆ ಎಲ್ಲರನ್ನೂ ಸರಿಸಿ ಬಾಗಿಲ ಮುಂದೆ ನಿಂತಳಂತೆ.

"ಅದನ್ನೇ ಅಲ್ವಾ ಸರ್ ನಟನೆ ಅನ್ನೋದು? ಅದು ಬರಲ್ಲ ಅಂದ್ರೆ ಇಷ್ಟು ದಿನ ನಾವೆಲ್ಲ ಯಾಕೆ ನಿಮ್ಮ ಕಾಲು ಹಿಡ್ಕೊಂಡು ಕೂತಿದ್ವಿ?"

ಒಳಗೆ ಚಿಲಕ ತೆಗೆದ ಸದ್ದಾಯಿತು. ತಾನು ನಟಿಸುತ್ತೇನೆ, ಆದರೆ ಈ ಹೆಂಗಸು ಇನ್ನು ತನ್ನ ಕಣ್ಣಿಗೆ ಬೀಳಬಾರದು ಎಂದ ಮಹಾನುಭಾವ. ನಿರ್ಮಾಪಕರು ಅತ್ತೆಯ ಮುಖವನ್ನೂ ನೋಡದೆ, ನೀವೀಗ ಮನೆಗೆ ಹೊರಡಿ ಎಂದರು. ಅವಳು ಕೋಟು ಬಿಚ್ಚಿ ತೋಳಿನ ಸುಕ್ಕಿಗೆ ಇಸ್ತ್ರಿ ಮಾಡಿ ಕೊಟ್ಟು ಬಂದಳು. ಆ ಇಸ್ತ್ರಿಯ ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಲ್ಲೇ ಎಸೆದು ಬರಬಾರದಿತ್ತೇ ಎಂದು ರೇಗಿದೆ. ಕೋಟು ಏನು ತಪ್ಪು ಮಾಡಿದೆ ಎಂದಳು.

ಅಷ್ಟೆಲ್ಲ ಮಾಡಿ ಧಾರಾವಾಹಿಯಾದರೂ ಉಳಿಯಿತೇ? ಮುಂದಿನ ಕಂತಿಗೆ ಆ ಮನುಷ್ಯ ಚಾನೆಲಿನವರ ಜೊತೆಗೇ ಜಗಳ ತೆಗೆದು ಬರುವುದನ್ನೇ ಬಿಟ್ಟ. ಎಲ್ಲರೂ ಬೀದಿಗೆ ಬಂದರು, ಅತ್ತೆ ಅವರಿಗಿಂತ ಸ್ವಲ್ಪ ಮುಂಚೆ ಬಂದಿದ್ದಳು, ಅಷ್ಟೇ. ಸಹಾಯಕ ಕೊಲೆಗಾರನಾದ ಆ ಕಂತೇ ಕೊನೆಯದಾಯಿತು. ಅದು ಪ್ರಸಾರವಾಗುವ ಹೊತ್ತಿಗೆ ಅವಳು ಕಾರ್ಖಾನೆಗೆ ಮರಳಿ ಒಂದು ವಾರ ಕಳೆದಿತ್ತು.

ನೋಡುವುದು ಬೇಡವೆಂದು ನಾನೂ ಅಪ್ಪನೂ ಹೇಳಿದರೂ ಅವಳು ಕೇಳಲಿಲ್ಲ. ಸಹಾಯಕ ಕೆಸರಿನಿಂದ ಎದ್ದು ತಲೆ ಎತ್ತಿದ. ಪತ್ತೇದಾರ ಅವನನ್ನು ನೋಡಿದ. ಆ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ನಂಬಿಕೆ ಒಡೆದದ್ದು ಕಂಡಿತು, ಕೆಳತುಟಿ ಮಾತ್ರ ನಡುಗಿತು. ಅವನನ್ನು ಬೈಯಲೆಂದೇ ಕೂತಿದ್ದ ನನ್ನ ಕಣ್ಣಲ್ಲೂ ನೀರು ಬಂತು. ಅದಕ್ಕೂ ನನಗೆ ಅವನ ಮೇಲೆ ಸಿಟ್ಟು ಬಂತು.

ಅತ್ತೆ ಟಿವಿ ಆರಿಸಿದಳು.

"ಗೊತ್ತಿಲ್ಲದ ಹಾಗೆ ಮಾಡೋಕೆ ಬರ್ತಿತ್ತು ಕಣೇ ಅವನಿಗೆ," ಎಂದಳು. "ಮೊದಲಿಂದಲೂ ಬರ್ತಿತ್ತು."